ಬಿದ್ದ ಉಂಗುರ, ಆಡದ ಮಾತು

1693ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪುಸ್ತಕವೊಂದರಲ್ಲಿ ಥಾಮಸ್ ರೈಮರ್ ಎಂಬ ವಿಮರ್ಶಕ ಷೇಕ್ಸ್‌ಪಿಯರನ ‘ಒಥೆಲೋ’ ನಾಟಕವನ್ನು ತರಾಟೆಗೆ ತೆಗೆದುಕೊಂಡ. ಅವನ ಮುಖ್ಯ ತಕರಾರು ಒಂದು ಕರವಸ್ತ್ರದ ಬಗ್ಗೆ. ಸೇನಾಪತಿಯೊಬ್ಬ ತನ್ನ ಹೆಂಡತಿಯನ್ನು ಕೊಲ್ಲುವಂಥ ಘೋರ ಕೃತ್ಯಕ್ಕೆ ಅಂಗೈಯಗಲದ ಬಟ್ಟೆ ಕಾರಣವಾಗುವುದೇ? ಹಾಗಿದ್ದರೆ ಈ ನಾಟಕಕ್ಕೆ ಕರವಸ್ತ್ರದ ಹೆಸರನ್ನೇ ಇಡಬಹುದಿತ್ತಲ್ಲ ಎಂದು ಅವನು ಹಂಗಿಸಿದ. ರೈಮರನನ್ನು ಅರಸಿಕನೆಂದು ತಳ್ಳಿಹಾಕುವುದು ಸುಲಭ. ಬಹಳ ಜನ ಹಾಗೆಯೇ ಮಾಡಿದ್ದಾರೆ. ಆದರೆ ಅವನ ಪ್ರಶ್ನೆ ನಿಜವಾದ ಪ್ರಶ್ನೆ, ಮತ್ತು ಅದು ಆ ಒಂದು ನಾಟಕಕ್ಕೆ ಮುಗಿಯುವುದೂ ಇಲ್ಲ. ಕಾಳಿದಾಸನ ಶಕುಂತಲೆಯ ಬೆರಳಿನಿಂದ ಉಂಗುರ ಜಾರುತ್ತದೆ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ವಸಂತಸೇನೆ ತನ್ನದಲ್ಲದ ಗಾಡಿ ಹತ್ತುತ್ತಾಳೆ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಅಮಾತ್ಯನ ಮುದ್ರೆಯುಂಗುರ ಹೊಸ್ತಿಲು ದಾಟಿ ಉರುಳುತ್ತದೆ. ಲೋಕದ ದೊಡ್ಡ ನಾಟಕಗಳೆಂದು ನಾವು ಒಪ್ಪಿಕೊಂಡವುಗಳಲ್ಲಿ ಇಷ್ಟೊಂದು ಕಡೆ ಕಥೆಯ ಭಾರವೆಲ್ಲ ಒಂದು ಎಡವಟ್ಟಿನ ಮೇಲೆ ನಿಂತಿರುವುದೇಕೆ? ಪ್ರತಿಭಾವಂತರಾದ ನಾಟಕಕಾರರು ಇಷ್ಟು ಕ್ಷುಲ್ಲಕ ಕಾರಣಗಳನ್ನು ನೆಚ್ಚಿಕೊಂಡದ್ದು ಅವರ ದೌರ್ಬಲ್ಯವೇ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳಿವೆ. ವಿಧಿ ಎಂಬುದು ಒಂದು: ಆಗಬೇಕಾದದ್ದು ಆಗಿಯೇ ತೀರುತ್ತದೆ, ಉಂಗುರವೋ ಕರವಸ್ತ್ರವೋ ಅದರ ಕೈಯ ಉಪಕರಣ. ಅನುಕೂಲ ಎಂಬುದು ಇನ್ನೊಂದು: ಕಥೆ ಮುಂದೆ ಸಾಗಬೇಕು, ಅದಕ್ಕೊಂದು ನೆಪ ಬೇಕು. ಎರಡೂ ಉತ್ತರಗಳು ತಪ್ಪು ನಡೆದ ಕ್ಷಣದತ್ತ ಮಾತ್ರ ನೋಡುತ್ತವೆ. ನನ್ನ ವಾದ ಇಷ್ಟು: ಈ ನಾಟಕಗಳಲ್ಲಿ ತಪ್ಪು ನಡೆದ ಕ್ಷಣಕ್ಕಿಂತ, ಅದನ್ನು ಸರಿಪಡಿಸಬಹುದಾಗಿದ್ದ ಮುಂದಿನ ಗಳಿಗೆಗಳು ಮುಖ್ಯ. ವಸ್ತು ಕೈಜಾರುವುದು ಎಲ್ಲರ ಮನೆಯಲ್ಲೂ ನಡೆಯುವ ಸಂಗತಿ. ಒಂದು ಮಾತಿನಲ್ಲಿ ಅದು ಸರಿಹೋಗುತ್ತದೆ. ಆ ಒಂದು ಮಾತನ್ನು ಆಡಬಲ್ಲವರು ಸುತ್ತಲೇ ಇದ್ದೂ ಆಡದಂತಾಗುವುದು, ಅಥವಾ ಆಡಿದರೂ ಯಾರೂ ನಂಬದಂತಾಗುವುದು, ಇದನ್ನು ಕಟ್ಟುವುದರಲ್ಲಿ ನಾಟಕಕಾರನ ನಿಜವಾದ ಕಸುಬು ಇದೆ. ಯಾರು ಬಾಯಿ ಬಿಡಲಿಲ್ಲ, ಏಕೆ ಬಿಡಲಿಲ್ಲ, ಯಾರ ಮಾತಿಗೆ ಬೆಲೆ ಸಿಗಲಿಲ್ಲ ಎಂದು ಕೇಳುತ್ತ ಹೋದರೆ ಆ ನಾಟಕದ ಲೋಕದ ಒಳಗಟ್ಟು ಕಾಣುತ್ತದೆ. ಸಣ್ಣ ತಪ್ಪು ಆ ಒಳಗಟ್ಟನ್ನು ತೋರಿಸಲು ಕವಿ ತೆರೆದ ಕಿಂಡಿ.

‘ಅಭಿಜ್ಞಾನ ಶಾಕುಂತಲ’ದಿಂದ ಆರಂಭಿಸೋಣ. ಮಹಾಭಾರತದ ಆದಿಪರ್ವದ ಶಕುಂತಲೋಪಾಖ್ಯಾನದಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಅಲ್ಲಿನ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ ಇಲ್ಲವೆನ್ನುತ್ತಾನೆ. ಆಕಾಶವಾಣಿಯಾದ ಮೇಲೆ ಒಪ್ಪಿಕೊಂಡು, ಲೋಕ ಸಂಶಯಪಡಬಾರದೆಂದು ಹಾಗೆ ಮಾಡಿದೆ ಎಂದು ಸಮಜಾಯಿಷಿ ಕೊಡುತ್ತಾನೆ. ಅಲ್ಲಿನ ಶಕುಂತಲೆಯೂ ಬಾಯಿಸತ್ತವಳಲ್ಲ, ರಾಜನಿಗೆ ಎದುರುತ್ತರ ಕೊಟ್ಟು ಧರ್ಮ ಹೇಳುವವಳು. ಕಾಳಿದಾಸ ಈ ಕಥೆಗೆ ಎರಡು ಚಿಕ್ಕ ತಪ್ಪುಗಳನ್ನು ತಂದು ಸೇರಿಸಿದ. ಮೊದಲನೆಯದು ನಾಲ್ಕನೆಯ ಅಂಕದ ಆರಂಭದಲ್ಲಿ: ಗಂಡನ ನೆನಪಿನಲ್ಲಿ ಮೈಮರೆತು ಕುಳಿತ ಶಕುಂತಲೆಗೆ ಬಾಗಿಲಲ್ಲಿ ಬಂದು ನಿಂತ ಅತಿಥಿಯ ದನಿ ಕೇಳಿಸುವುದಿಲ್ಲ. ಎರಡನೆಯದು ರಂಗದ ಮೇಲೆ ನಡೆಯುವುದೇ ಇಲ್ಲ: ದಾರಿಯಲ್ಲಿ ಶಚೀತೀರ್ಥದ ನೀರಿಗೆ ಕೈಮುಗಿಯುವಾಗ ಉಂಗುರ ಜಾರಿಹೋಗುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಿಸಿದ್ದರಿಂದ ರಾಜ ದೋಷಮುಕ್ತನಾದ, ತಪ್ಪಿನ ಹೊರೆ ಹೆಣ್ಣಿನ ಮೇಲೆ ಬಿತ್ತು ಎಂಬ ಆಕ್ಷೇಪವಿದೆ. ಶಕುಂತಲೆಯ ಕಥೆ ಕಾಲಕಾಲಕ್ಕೆ ಪಡೆದ ರೂಪಗಳನ್ನು ಇತಿಹಾಸಕಾರ್ತಿ ರೊಮಿಲಾ ಥಾಪರ್ 1999ರಲ್ಲಿ ಒಂದು ಪುಸ್ತಕವಾಗಿಯೇ ಚರ್ಚಿಸಿದರು. ಮಹಾಭಾರತದ ದಿಟ್ಟ ಹೆಣ್ಣು ಆಸ್ಥಾನದ ನಾಟಕದಲ್ಲಿ ಮೆದುವಾದಳೆಂಬ ಮಾತು ಅಂಥ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಆಕ್ಷೇಪದಲ್ಲಿ ಹುರುಳಿದೆ, ಅದನ್ನು ನಿರಾಕರಿಸಲಾರೆ. ಆದರೆ ಶಾಪ ಕೊಟ್ಟ ಮೇಲೆ ಕಾಳಿದಾಸ ಏನು ಮಾಡುತ್ತಾನೆ ಎಂಬುದನ್ನು ನೋಡದೆ ತೀರ್ಪು ಕೊಡುವುದು ಆತುರವಾಗುತ್ತದೆ.

ನಾಲ್ಕನೆಯ ಅಂಕಕ್ಕೆ ಪೀಠಿಕೆಯಾಗಿ ಬರುವ ಆ ವಿಷ್ಕಂಭಕವನ್ನು ಹತ್ತಿರದಿಂದ ನೋಡಬೇಕು. ಸಖಿಯರಿಬ್ಬರೂ ಹೂ ಬಿಡಿಸುತ್ತಿದ್ದಾರೆ. ತೆರೆಯ ಹಿಂದಿನಿಂದ ಅತಿಥಿಯಾಗಿ ಬಂದ ದೂರ್ವಾಸನ ದನಿ, ಅದರ ಬೆನ್ನಿಗೇ ನೀನು ನೆನೆಯುತ್ತಿರುವವನು ನಿನ್ನನ್ನು ಮರೆಯಲಿ ಎಂಬ ಶಾಪ. ಪ್ರಿಯಂವದೆ ಮುನಿಯ ಹಿಂದೆ ಓಡುತ್ತಾಳೆ. ಅನಸೂಯೆ ಅವಸರದಲ್ಲಿ ಎಡವಿ, ಕೈಯಲ್ಲಿದ್ದ ಹೂವಿನ ಬುಟ್ಟಿ ಜಾರಿ ಬೀಳುತ್ತದೆ. ಮುಂದೆ ನೀರಿಗೆ ಜಾರಲಿರುವ ಉಂಗುರದ ಸೂಚನೆಯಂತೆ ಕಾಳಿದಾಸ ಈ ಪುಟ್ಟ ಕ್ರಿಯೆಯನ್ನು ಇಲ್ಲಿ ಇಟ್ಟಿದ್ದಾನೆ ಎಂದು ನನಗನ್ನಿಸುತ್ತದೆ. ಪ್ರಿಯಂವದೆ ಮರಳಿ ಬಂದು, ಗುರುತಿನ ಒಡವೆ ಕಂಡರೆ ಶಾಪ ಕಳೆಯುತ್ತದೆ ಎಂಬ ವಿನಾಯಿತಿ ಸಿಕ್ಕಿದ್ದನ್ನು ಹೇಳುತ್ತಾಳೆ. ರಾಜನ ಹೆಸರು ಕೆತ್ತಿದ ಉಂಗುರ ಶಕುಂತಲೆಯ ಬೆರಳಿನಲ್ಲೇ ಇರುವುದರಿಂದ ಇಬ್ಬರಿಗೂ ಸಮಾಧಾನವಾಗುತ್ತದೆ. ಆಮೇಲಿನ ನಿರ್ಧಾರವೇ ಇಡೀ ನಾಟಕದ ಕೀಲು: ಈ ಸಂಗತಿ ನಮ್ಮಿಬ್ಬರಲ್ಲೇ ಇರಲಿ, ಮೊದಲೇ ಮೃದು ಮನಸ್ಸಿನವಳು, ಅವಳಿಗೆ ಹೇಳುವುದು ಬೇಡ. ಕಣ್ವರಿಗೂ ಹೇಳಲಿಲ್ಲ. ಶಕುಂತಲೆಯ ಜೊತೆ ಹಸ್ತಿನಾಪುರಕ್ಕೆ ಹೊರಟ ಗೌತಮಿಗೂ ಶಾರ್ಙ್ಗರವ ಶಾರದ್ವತರಿಗೂ ಹೇಳಲಿಲ್ಲ. ಬೀಳ್ಕೊಡುವಾಗ ಅರ್ಧ ಮಾತ್ರ ಹೇಳಿದರು: ಗುರುತಿಸಲು ರಾಜ ತಡಮಾಡಿದರೆ ಈ ಉಂಗುರ ತೋರಿಸು. ಆ ಮಾತು ಕೇಳಿ ಶಕುಂತಲೆ ನಡುಗಿದಾಗಲಾದರೂ ನಿಜ ಹೇಳಬಹುದಿತ್ತು. ಹೆದರಬೇಡ, ಪ್ರೀತಿ ಹೀಗೇ ಕೆಟ್ಟದ್ದನ್ನೇ ಶಂಕಿಸುತ್ತದೆ ಎಂದು ಸಮಾಧಾನ ಮಾಡಿ ಕಳಿಸಿದರು. ಗೌತಮಿಗೆ ಶಾಪದ ಸುದ್ದಿ ತಿಳಿದಿದ್ದರೆ ದಾರಿಯುದ್ದಕ್ಕೂ ಆ ಹುಡುಗಿಯ ಬೆರಳ ಮೇಲೆ ಅವಳ ಕಣ್ಣಿರುತ್ತಿತ್ತು. ವಿಧಿಯ ವಾದಕ್ಕೆ ಇಲ್ಲಿಯೇ ಉತ್ತರವಿದೆ. ವಿಧಿ ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ. ಶಾಪಕ್ಕೆ ಕೊನೆಯನ್ನೂ ಅದರ ಉಪಾಯವನ್ನೂ ಕವಿಯೇ ಇಟ್ಟಿದ್ದ, ಅದು ಇಬ್ಬರಿಗೆ ಗೊತ್ತಿರುವಂತೆಯೂ ಮಾಡಿದ್ದ. ಬಾಗಿಲು ಮುಚ್ಚಿದವರು ಮನುಷ್ಯರು, ಅದೂ ಪ್ರೀತಿಯಿಂದ. ಕೇಡು ಬಯಸುವವರು ಒಬ್ಬರೂ ಇಲ್ಲದ ಆಶ್ರಮದಲ್ಲಿ, ನೋವಾದೀತೆಂಬ ಕಾಳಜಿಯೇ ಕೇಡಿನ ದಾರಿಯಾಗುವುದನ್ನು ಕಾಳಿದಾಸ ಕಂಡಿದ್ದಾನೆ.

ಐದನೆಯ ಅಂಕದಲ್ಲಿ ಇನ್ನೊಂದು ಬಗೆಯ ಬಾಗಿಲು ಮುಚ್ಚುತ್ತದೆ. ಬೆರಳು ಬರಿದಾಗಿರುವುದನ್ನು ಕಂಡು ಶಕುಂತಲೆ ಕಂಗೆಟ್ಟಾಗ, ಶಚೀತೀರ್ಥದಲ್ಲಿ ಬಿದ್ದುಹೋಗಿರಬೇಕು ಎಂದು ಗೌತಮಿ ಕೂಡಲೇ ಹೇಳುತ್ತಾಳೆ. ಅವಳು ಹೇಳಿದ್ದು ಅಕ್ಷರಶಃ ನಿಜ. ತಪ್ಪು ನಡೆದದ್ದು, ನಡೆದ ಜಾಗ, ಎಲ್ಲವೂ ತುಂಬಿದ ಸಭೆಯಲ್ಲಿ ಬಹಿರಂಗವಾಯಿತು. ರಾಜ ಅದನ್ನು ಹೆಂಗಸರ ಸಮಯಸ್ಫೂರ್ತಿ ಎಂದು ನಕ್ಕು ತೇಲಿಸುತ್ತಾನೆ. ಶಕುಂತಲೆ ಜಿಂಕೆಯ ಮರಿಯ ಪ್ರಸಂಗ ನೆನಪಿಸುತ್ತಾಳೆ. ಅವನ ಕೈಯಿಂದ ನೀರು ಕುಡಿಯದ ಮರಿ ಅವಳ ಕೈಯಿಂದ ಕುಡಿದದ್ದು ಇಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ. ಅದಕ್ಕೂ ಬೆಲೆಯಿಲ್ಲ. ನೆನಪು ಅಳಿದವನು ಇನ್ನೇನು ಮಾಡಬಲ್ಲ ಎಂದು ಕೇಳಬಹುದು. ಶಾಪ ಅವನ ನೆನಪನ್ನು ಕಸಿದದ್ದು ನಿಜ. ಆದರೆ ಎದುರಿಗೆ ನಿಂತು ಮಾತಾಡುವ ಹೆಣ್ಣೆಲ್ಲ ಹುಟ್ಟಾ ವಂಚಕಿ ಎಂಬ ತಿಳುವಳಿಕೆಯನ್ನು ಶಾಪ ಕೊಟ್ಟದ್ದಲ್ಲ; ಅದು ಅರಮನೆಯಲ್ಲಿ ಮೊದಲೇ ಇತ್ತು. ಮಾತಿಗೆ ಬೆಲೆ ಇಲ್ಲದ ಕಡೆ ವಸ್ತುವೇ ಸಾಕ್ಷಿಯಾಗಬೇಕಾಗುತ್ತದೆ, ವಸ್ತುವಾದರೋ ಕಳೆದುಹೋಗಬಲ್ಲದು. ಆರನೆಯ ಅಂಕದ ಪ್ರವೇಶಕದಲ್ಲಿ ಉಂಗುರ ಮರಳಿ ಬರುವ ಬಗೆಯನ್ನೂ ನೋಡಿ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿತು ಎಂಬ ಬೆಸ್ತನ ಮಾತನ್ನು ಕಾವಲುಗಾರರು ನಂಬುವುದಿಲ್ಲ, ಕೈಕಟ್ಟಿ ಹೊಡೆಯುತ್ತಾರೆ, ಅವನನ್ನು ಕೊಲ್ಲಲು ಅವರ ಕೈ ತುರಿಸುತ್ತಿರುತ್ತದೆ. ಅವನು ಹೇಳುವುದೂ ಅಕ್ಷರಶಃ ನಿಜ. ಮುನಿಕನ್ಯೆಗೆ ಸಭೆಯಲ್ಲಿ ಆದದ್ದೇ ಬೀದಿಯಲ್ಲಿ ಬೆಸ್ತನಿಗೆ ಆಗುತ್ತದೆ. ಈ ಎರಡು ದೃಶ್ಯಗಳನ್ನು ಒಂದರ ಪಕ್ಕ ಒಂದಿಟ್ಟ ಕವಿಗೆ ರಾಜನನ್ನು ತೊಳೆದು ಬಿಳಿ ಮಾಡುವುದಷ್ಟೇ ಉದ್ದೇಶವಾಗಿತ್ತು ಎಂದು ಒಪ್ಪುವುದು ಕಷ್ಟ.

ಈಗ ರೈಮರನ ಕರವಸ್ತ್ರಕ್ಕೆ ಬರಬಹುದು. ಒಥೆಲೋ ಕಥೆಯ ಮೂಲ ಇಟಲಿಯ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿದೆ. ಅಲ್ಲಿ ಕರವಸ್ತ್ರ ಬೀಳುವುದಿಲ್ಲ, ಕಳುವಾಗುತ್ತದೆ. ಖಳ ತನ್ನ ಮೂರು ವರ್ಷದ ಮಗಳನ್ನು ನಾಯಕಿಯ ತೋಳಿಗೆ ಕೊಟ್ಟು, ಆಕೆ ಮಗುವನ್ನು ಮುದ್ದಿಸುತ್ತಿರುವಾಗ ಸೊಂಟದಿಂದ ಬಟ್ಟೆಯನ್ನು ಎಗರಿಸುತ್ತಾನೆ. ಅವನ ಹೆಂಡತಿಗೆ ಸಂಚೆಲ್ಲ ಗೊತ್ತು, ಗಂಡನ ಹೆದರಿಕೆಯಿಂದ ಬಾಯಿ ಬಿಡುವುದಿಲ್ಲ. ಕಳ್ಳತನವೆಂಬ ಸ್ಪಷ್ಟ ಕಾರಣ ಕೈಯಲ್ಲಿದ್ದಾಗ ಷೇಕ್ಸ್‌ಪಿಯರ್ ಅದನ್ನು ಬಿಟ್ಟು ಆಕಸ್ಮಿಕವನ್ನು ಏಕೆ ಹಿಡಿದ? ಕಥೆಗೆ ನೆಪ ಬೇಕಿತ್ತು ಎಂಬ ಅನುಕೂಲದ ವಾದ ಇಲ್ಲಿ ನಿಲ್ಲುವುದಿಲ್ಲ. ನೆಪ ಆಗಲೇ ಸಿದ್ಧವಾಗಿತ್ತು. ಅವನು ಬರೆದದ್ದು ಹೀಗೆ: ಮೂರನೆಯ ಅಂಕದಲ್ಲಿ ಖಳ ಇಯಾಗೊ ಬಿತ್ತಿದ ಸಂಶಯದಿಂದ ಒಥೆಲೋನ ತಲೆ ಸಿಡಿಯುತ್ತಿದೆ. ಹೆಂಡತಿ ಡೆಸ್ಡಿಮೋನಾ ಕರವಸ್ತ್ರದಿಂದ ಅವನ ಹಣೆ ಕಟ್ಟಲು ಹೋಗುತ್ತಾಳೆ. ಅದು ಚಿಕ್ಕದಾಯಿತು ಎಂದು ಅವನು ಸರಿಸುತ್ತಾನೆ, ಬಟ್ಟೆ ನೆಲಕ್ಕೆ ಬೀಳುತ್ತದೆ, ಇರಲಿ ಬಿಡು ಎಂದು ಅವಳನ್ನು ಕರೆದುಕೊಂಡು ಒಳಗೆ ಹೋಗುತ್ತಾನೆ. ಬೀಳಿಸಿದವಳು ಅವಳೋ ಅವನೋ ಎಂದು ಖಚಿತವಾಗಿ ಹೇಳಲಾಗದು. ಎತ್ತಿಕೊಳ್ಳಬೇಡ ಎಂದವನಂತೂ ಅವನೇ. ಅದೇ ಕರವಸ್ತ್ರ ಎಲ್ಲಿ ಎಂದು ಅವಳನ್ನು ಕಾಡುವವನೂ, ಅದಕ್ಕಾಗಿ ಅವಳನ್ನು ಕೊಲ್ಲುವವನೂ ಅವನೇ. ಅವಳ ಗಮನ ಆಗ ಅವನ ನೋವಿನ ಮೇಲಿತ್ತು. ಶಕುಂತಲೆಯ ಗಮನ ಗಂಡನ ಮೇಲಿದ್ದಂತೆಯೇ. ಯಾರಿಗಾಗಿ ಮೈಮರೆತರೋ ಅವರಿಂದಲೇ ಆ ಮರೆವಿಗೆ ದಂಡನೆ ಬರುವುದು ಈ ಎರಡೂ ನಾಟಕಗಳ ಸಂಕಟ.

ಆದರೂ ಇಷ್ಟಕ್ಕೇ ಕೊಲೆ ನಡೆಯಬೇಕಿರಲಿಲ್ಲ. ಬಟ್ಟೆಯನ್ನು ಎತ್ತಿಕೊಂಡವಳು ಇಯಾಗೊನ ಹೆಂಡತಿ, ಡೆಸ್ಡಿಮೋನಾಳ ಸಂಗಾತಿ ಎಮಿಲಿಯಾ. ಚಿಂತಿಯೊನ ಕಥೆಯ ಹೆಂಡತಿಯಂತೆ ಇವಳಿಗೆ ಸಂಚು ಗೊತ್ತಿಲ್ಲ. ಗಂಡ ಬಹುದಿನದಿಂದ ಕೇಳುತ್ತಿದ್ದ, ಅವನ ಮನಸ್ಸು ಸಂತೋಷವಾಗಲಿ ಎಂದು ಕೊಡುತ್ತಾಳೆ. ಮುಂದಿನ ದೃಶ್ಯದಲ್ಲೇ, ಅದನ್ನು ಎಲ್ಲಿ ಕಳೆದುಕೊಂಡೆನೋ ಎಂದು ಡೆಸ್ಡಿಮೋನಾ ಅವಳನ್ನೇ ಕೇಳುತ್ತಾಳೆ. ತನಗೆ ಗೊತ್ತಿಲ್ಲ ಎನ್ನುತ್ತಾಳೆ ಎಮಿಲಿಯಾ. ಇಡೀ ನಾಟಕದಲ್ಲಿ ನನಗೆ ಇದಕ್ಕಿಂತ ಭಯಾನಕವಾದ ಮಾತು ಇನ್ನೊಂದಿಲ್ಲ. ಇಯಾಗೊ ಆಡುವ ಸುಳ್ಳುಗಳು ನೂರಾರು. ಅವು ಅವನ ಸ್ವಭಾವ. ಪ್ರಾಮಾಣಿಕಳಾದ ಹೆಂಗಸೊಬ್ಬಳು ಗಂಡನ ಮಾತಿಗೆ ಅಂಜಿ, ಏನು ಮಹಾ ಎಂದುಕೊಂಡು ಆಡಿದ ಈ ಒಂದು ಸುಳ್ಳು ಆ ನೂರಕ್ಕೂ ಬಲ ಕೊಟ್ಟಿತು. ಅದಾದ ಕೂಡಲೇ ಒಥೆಲೋ ಬಂದು ಕರವಸ್ತ್ರ ಕೇಳಿ ಅಬ್ಬರಿಸುವುದನ್ನು ಎಮಿಲಿಯಾ ಪಕ್ಕದಲ್ಲೇ ನಿಂತು ನೋಡುತ್ತಾಳೆ, ಆಗಲೂ ಹೇಳುವುದಿಲ್ಲ. ಡೆಸ್ಡಿಮೋನಾ ಕೂಡ ಹೆದರಿ, ಕಳೆದಿಲ್ಲ ಎಂದೇ ಹೇಳುತ್ತಾಳೆ. ಗಂಡನ ಕೋಪಕ್ಕೆ ಹೆದರಿದ ಇಬ್ಬರು ಹೆಂಡಂದಿರ ನಡುವೆ ಸತ್ಯ ಸಿಕ್ಕಿಕೊಂಡಿತು. ಕೊನೆಯ ಅಂಕದಲ್ಲಿ ಎಮಿಲಿಯಾಳಿಗೆ ಎಲ್ಲವೂ ಹೊಳೆಯುತ್ತದೆ. ಗಂಡನ ಮಾತು ಮೀರುವುದು ಸಲ್ಲದೆಂಬ ಕಟ್ಟನ್ನು ತಾನೇ ಹೆಸರಿಸಿ, ಇವತ್ತು ಮೀರುತ್ತೇನೆ ಎಂದು ಸಾರಿ, ಎಲ್ಲರೆದುರು ಸತ್ಯ ಹೇಳಿ ಅವನ ಕತ್ತಿಗೆ ಬಲಿಯಾಗುತ್ತಾಳೆ. ಕರವಸ್ತ್ರ ಕಾರಣವಲ್ಲ ಎಂದು ರೈಮರನಿಗೆ ಹೇಳಬೇಕಾದದ್ದು ಇಲ್ಲಿಂದ. ಕಾರಣ, ಹೆಂಡತಿ ಬಾಯಿ ತೆರೆಯಲು ಪ್ರಾಣ ಕೊಡಬೇಕಾದ ಮನೆ.

ಉಂಗುರವೂ ಕರವಸ್ತ್ರವೂ ಕನ್ನಡಕ್ಕೆ ಒಂದೇ ಕೈಯಿಂದ ಬಂದವು ಎಂಬುದನ್ನು ಇಲ್ಲಿ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿಕೊಂಡರು, ಇಂಗ್ಲಿಷ್ ಬಲ್ಲವರ ನೆರವಿನಿಂದ ‘ಒಥೆಲೋ’ವನ್ನು ‘ಶೂರಸೇನ ಚರಿತ್ರೆ’ಯಾಗಿಸಿದವರೂ ಅವರೇ. ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದ, ಪರಸ್ಪರ ಪರಿಚಯವೇ ಇಲ್ಲದ ಎರಡು ರಂಗಪರಂಪರೆಗಳು ಮೈಸೂರಿನ ಒಬ್ಬ ಕವಿಯ ಮೇಜಿನ ಮೇಲೆ ಸೇರಿದವು. ಕನ್ನಡದ ಪ್ರೇಕ್ಷಕರಿಗೆ ಈ ಎರಡು ಕಥೆಗಳು ಒಂದನ್ನೊಂದು ಬಲ್ಲ ಕಥೆಗಳಾಗಿ ಕಂಡರೆ ಆಶ್ಚರ್ಯವಿಲ್ಲ.

ನನ್ನ ವಾದಕ್ಕೆ ಅತ್ಯಂತ ಗಟ್ಟಿಯಾದ ಪುರಾವೆ ‘ಮೃಚ್ಛಕಟಿಕ’ದಲ್ಲಿದೆ. ಆರನೆಯ ಅಂಕದ ಗಾಡಿಗಳ ಅದಲುಬದಲನ್ನು ಶೂದ್ರಕ ಕಟ್ಟಿರುವ ಎಚ್ಚರ ನೋಡುವಂಥದ್ದು. ನಾಯಕ ಚಾರುದತ್ತ ಬೆಳಗ್ಗೆಯೇ ಪುಷ್ಪಕರಂಡಕ ಉದ್ಯಾನಕ್ಕೆ ಹೋಗಿದ್ದಾನೆ. ವಸಂತಸೇನೆಯನ್ನು ಕರೆತರಲು ಅವನ ಸಾರಥಿ ವರ್ಧಮಾನಕ ಮುಚ್ಚುಗಾಡಿ ತಂದು ಪಕ್ಕದ ಬಾಗಿಲಲ್ಲಿ ನಿಲ್ಲಿಸುತ್ತಾನೆ. ಒಳಗೆ ಅವಳು ಇನ್ನೂ ಸಿಂಗರಿಸಿಕೊಳ್ಳುತ್ತಿದ್ದಾಳೆ. ಗಾಡಿಯ ಹಾಸು ಮರೆತು ಬಂದದ್ದು ಆಗ ಅವನ ನೆನಪಿಗೆ ಬರುತ್ತದೆ. ಮೂಗುದಾರದ ಕಿರಿಕಿರಿಗೆ ಎತ್ತುಗಳು ತಕತಕ ಕುಣಿಯುತ್ತಿರುವುದರಿಂದ ಅವನ್ನು ಬಿಟ್ಟುಹೋಗುವಂತಿಲ್ಲ, ಗಾಡಿ ಸಮೇತ ಹಾಸು ತರಲು ಹೋಗುತ್ತಾನೆ. ಅಷ್ಟರಲ್ಲಿ ರಾಜನ ಭಾವಮೈದುನ ಶಕಾರನ ಗಾಡಿ ಅಲ್ಲಿಗೆ ಬರುತ್ತದೆ. ಹಳ್ಳಿಯ ಬಂಡಿಗಳಿಂದ ದಾರಿ ಕಟ್ಟಿಹೋಗಿದೆ. ಹೂತುಹೋದ ಬಂಡಿಯೊಂದರ ಚಕ್ರಕ್ಕೆ ಕೈಕೊಡಲು ಸಾರಥಿ ಸ್ಥಾವರಕ ತನ್ನ ಗಾಡಿಯನ್ನು ಚಾರುದತ್ತನ ತೋಟದ ಬಾಗಿಲಲ್ಲೇ ನಿಲ್ಲಿಸಿ ಇಳಿಯುತ್ತಾನೆ. ವಸಂತಸೇನೆ ಬಂದು ಹತ್ತಿ ಕೂರುತ್ತಾಳೆ. ಅವನು ಮರಳಿ ಬಂದಾಗ ಗಾಡಿ ಭಾರವೆನಿಸುತ್ತದೆ. ಚಕ್ರ ತಿರುಗಿಸಿ ದಣಿದದ್ದಕ್ಕೆ ಹಾಗನ್ನಿಸಿರಬೇಕೆಂದುಕೊಂಡು ಹೊಡೆದುಕೊಂಡು ಹೋಗುತ್ತಾನೆ. ಹಾಸು ತಂದ ವರ್ಧಮಾನಕನ ಗಾಡಿಗೆ ಸೆರೆಯಿಂದ ತಪ್ಪಿಸಿಕೊಂಡ ಆರ್ಯಕ ನುಗ್ಗುತ್ತಾನೆ. ಕಾಲಿನ ಸಂಕೋಲೆಯ ಸದ್ದು ಸಾರಥಿಗೆ ಕಾಲಂದುಗೆಯ ಸದ್ದಿನಂತೆ ಕೇಳಿಸುತ್ತದೆ. ಒಂದು ಹಾಸಿನ ಮರೆವಿನಿಂದ ಒಬ್ಬಳು ಸಾವಿನ ಬಾಯಿಗೂ ಒಬ್ಬ ಸಿಂಹಾಸನದ ಕಡೆಗೂ ಹೊರಟರು. ಇಲ್ಲಿ ಯಾರೂ ದುಷ್ಟರಲ್ಲ, ಸೋಮಾರಿಗಳೂ ಅಲ್ಲ. ಒಬ್ಬ ಸವಾರಿಗೆ ಮೆತ್ತಗಿರಲೆಂದು ಹಾಸು ತರಲು ಹೋದ, ಇನ್ನೊಬ್ಬ ಗುರುತಿಲ್ಲದವನ ಬಂಡಿಗೆ ಹೆಗಲು ಕೊಟ್ಟ.

ಈ ತಪ್ಪು ನಡೆದದ್ದು ಹೇಗೆಂದು ಪೂರ್ತಿಯಾಗಿ ಬಲ್ಲವನು ನಾಟಕದಲ್ಲಿ ಒಬ್ಬನೇ, ಸ್ಥಾವರಕ, ಅವನು ದಾಸ. ಎಂಟನೆಯ ಅಂಕದಲ್ಲಿ ಶಕಾರ ಅವನಿಗೆ ಚಿನ್ನದ ಆಸೆ ತೋರಿಸಿ ವಸಂತಸೇನೆಯನ್ನು ಕೊಲ್ಲು ಎನ್ನುತ್ತಾನೆ. ನನ್ನ ಮೈಗೆ ನೀವು ಒಡೆಯರು, ನಡತೆಗಲ್ಲ ಎಂಬರ್ಥದ ಮಾತಾಡಿ ಸ್ಥಾವರಕ ಹೊಡೆತ ತಿನ್ನುತ್ತಾನೆ. ಶಕಾರ ತಾನೇ ಅವಳ ಕತ್ತು ಹಿಸುಕಿ, ಸತ್ತಳೆಂದು ಬಿಟ್ಟು, ಸಾಕ್ಷಿ ಉಳಿಯಬಾರದೆಂದು ದಾಸನನ್ನು ಮಹಡಿಯಲ್ಲಿ ಸಂಕೋಲೆ ಹಾಕಿ ಕೂಡಿಡುತ್ತಾನೆ. ಕೊಲೆಯ ಆರೋಪ ಚಾರುದತ್ತನ ಮೇಲೆ ಬರುತ್ತದೆ. ಆರ್ಯಕನನ್ನು ದಾಟಿಸಿದ ತನ್ನ ಗಾಡಿಯ ವಿಷಯವನ್ನು ಚಾರುದತ್ತ ನ್ಯಾಯಾಲಯದಲ್ಲಿ ಬಿಚ್ಚಿಡುವಂತಿಲ್ಲ. ಆರ್ಯಕನಿಗೆ ಕೊಟ್ಟ ಅಭಯ ಅವನ ಬಾಯಿಯನ್ನು ಕಟ್ಟಿಹಾಕಿದೆ. ಹತ್ತನೆಯ ಅಂಕದಲ್ಲಿ ಮರಣದಂಡನೆಯ ಡಂಗುರ ಕೇಳಿದ ಸ್ಥಾವರಕ ಸಂಕೋಲೆಯೊಡನೆ ಮಹಡಿಯ ಕಿಟಕಿಯಿಂದ ಹಾರಿ, ಬೀದಿಗೆ ಓಡಿಬಂದು, ಗಾಡಿಗಳು ಅದಲುಬದಲಾದದ್ದನ್ನೂ ಕೊಂದವನಾರೆಂಬುದನ್ನೂ ಕೂಗಿ ಹೇಳುತ್ತಾನೆ. ಚಾರುದತ್ತನನ್ನು ಕೊಲ್ಲಲು ಒಯ್ಯುತ್ತಿದ್ದ ಚಂಡಾಲರು ಕ್ಷಣಹೊತ್ತು ನಂಬುತ್ತಾರೆ. ಶಕಾರ ಬಂದು ಗುಟ್ಟಾಗಿ ಒಂದು ಕಡಗವನ್ನು ಲಂಚವಾಗಿ ಕೊಡಲು ನೋಡಿ, ಸ್ಥಾವರಕ ಅದನ್ನೇ ಎತ್ತಿ ತೋರಿಸಿದಾಗ, ಇದನ್ನು ಕದ್ದದ್ದಕ್ಕೇ ಇವನನ್ನು ಕಟ್ಟಿಹಾಕಿದ್ದು, ಆ ಸಿಟ್ಟಿಗೆ ಹೀಗೆ ಹೇಳುತ್ತಿದ್ದಾನೆ ಎಂದು ತಿರುಗಿಸಿಬಿಡುತ್ತಾನೆ. ಅಷ್ಟೇ ಸಾಕಾಗುತ್ತದೆ. ದಾಸನಾಗಿ ಹುಟ್ಟಿದವನ ನಿಜವನ್ನೂ ಯಾರೂ ನಂಬುವುದಿಲ್ಲ ಎಂದು ಅವನು ಮರುಗುತ್ತಾನೆ. ಇಡೀ ಪ್ರಕರಣವನ್ನು ಬಿಡಿಸಬಲ್ಲ ಮಾತು ಬೀದಿಯ ನಡುವೆ ಗಟ್ಟಿಯಾಗಿ ಕೇಳಿಸಿತು. ಆಡಿದವನಿಗೆ ಮಾತಿನ ಹಕ್ಕಿರಲಿಲ್ಲ. ಉಜ್ಜಯಿನಿಯ ನ್ಯಾಯದ ಬಗ್ಗೆ ಒಂಬತ್ತನೆಯ ಅಂಕದ ವಿಚಾರಣೆ ಹೇಳುವುದಕ್ಕಿಂತ ಹೆಚ್ಚನ್ನು ಈ ಕಡಗದ ಪ್ರಸಂಗ ಹೇಳುತ್ತದೆ.

ಎಲ್ಲ ನಾಟಕಗಳೂ ಈ ವಾದಕ್ಕೆ ಸಲೀಸಾಗಿ ಬಗ್ಗುವುದಿಲ್ಲ. ‘ಮುದ್ರಾರಾಕ್ಷಸ’ದಲ್ಲಿ ಹೊರಗೆ ಓಡಿದ ಐದು ವರ್ಷದ ಹುಡುಗನನ್ನು ಬಾಗಿಲ ಮರೆಯಿಂದ ಒಂದು ಹೆಣ್ಣುಕೈ ಹಿಡಿದೆಳೆಯುತ್ತದೆ, ಗಂಡಸಿನ ಬೆರಳ ಅಳತೆಯ ಉಂಗುರ ಆ ಕೈಯಿಂದ ಜಾರಿ ಚಾಣಕ್ಯನ ಗೂಢಚಾರನ ಕಾಲ ಬಳಿ ಬಂದು ನಿಲ್ಲುತ್ತದೆ. ತಾಯಿಯೊಬ್ಬಳ ಸಹಜವಾದ ಆತುರ ಒಂದು ರಾಜ್ಯದ ಗತಿ ಬದಲಿಸಿತು. ಆದರೆ ಇಲ್ಲಿ ಬಾಗಿಲು ಮುಚ್ಚಿದ್ದು ಅಧಿಕಾರವೂ ಅಲ್ಲ, ಭಯವೂ ಅಲ್ಲ. ಎರಡನೆಯ ಅಂಕದಲ್ಲಿ ಆ ಉಂಗುರ ಅದರ ಒಡೆಯ ಅಮಾತ್ಯ ರಾಕ್ಷಸನ ಕಣ್ಣಿಗೇ ಬೀಳುತ್ತದೆ. ತನ್ನ ಹೆಂಡತಿ ಅಡಗಿದ್ದ ಚಂದನದಾಸನ ಮನೆಯ ಬಾಗಿಲಲ್ಲಿ ಸಿಕ್ಕಿತೆಂದು ಚಾಣಕ್ಯನ ಕಡೆಯ ಸಿದ್ಧಾರ್ಥಕ ಹೇಳಿದ ಮಾತನ್ನು ನಂಬಿ, ಮುಂದೇನೂ ವಿಚಾರಿಸದೆ ಕೆಲಸಕ್ಕೆ ಒಪ್ಪಿಸುತ್ತಾನೆ. ಗೆಳೆಯನ ಜೀವ ಉಳಿಸಿದವನನ್ನು ಪ್ರಶ್ನಿಸಲಾಗದ ಒಳ್ಳೆಯತನ ಅವನದು. ಕೆಂಪುನಾರಾಯಣನ ‘ಮುದ್ರಾಮಂಜೂಷ’ದ ಮೂಲಕ 1823ರಲ್ಲೇ ಈ ಕಥೆ ಕನ್ನಡ ಗದ್ಯಕ್ಕೆ ಬಂದಿತ್ತು. ‘ರೋಮಿಯೊ ಮತ್ತು ಜೂಲಿಯೆಟ್’ ಇನ್ನೂ ತೊಡಕಿನದು. ಪ್ಲೇಗಿನ ಸಂಶಯದಿಂದ ಕಾವಲಿನವರು ಮನೆಯೊಂದನ್ನು ಮುಚ್ಚಿದಾಗ ರೋಮಿಯೊಗೆ ಪತ್ರ ಒಯ್ಯಬೇಕಿದ್ದ ಸಂನ್ಯಾಸಿ ಒಳಗೆ ಸಿಕ್ಕಿಕೊಳ್ಳುತ್ತಾನೆ. ಅದರಲ್ಲಿ ಯಾರ ಮೌನವೂ ಇಲ್ಲ, ಬರಿಯ ದುರದೃಷ್ಟ. ಪ್ರೇಮಿಗಳ ಮದುವೆಯನ್ನು ಗುಟ್ಟಾಗಿಡಬೇಕಾದ ಊರಿನ ದ್ವೇಷವೇ ಪತ್ರದ ಅಗತ್ಯವನ್ನು ಸೃಷ್ಟಿಸಿತು ಎಂದು ಸಮರ್ಥಿಸಬಹುದು, ಆದರೂ ಕಥೆಯ ಆ ಕೊಂಡಿ ಸಡಿಲ ಎಂಬುದು ನನ್ನ ಅಭಿಪ್ರಾಯ. ‘ಒಥೆಲೋ’ ಬರೆಯುವ ಹೊತ್ತಿಗೆ ಷೇಕ್ಸ್‌ಪಿಯರ್ ಅಂಥ ಸಡಿಲನ್ನು ಬಿಡುವ ಕವಿಯಾಗಿ ಉಳಿದಿರಲಿಲ್ಲ.

ಸಣ್ಣ ಕಾರಣ, ದೊಡ್ಡ ಪರಿಣಾಮ ಎಂಬುದನ್ನೇ ಒಂದು ಸಿದ್ಧಾಂತವಾಗಿ ಹಿಡಿದ ನಾಟಕಕಾರರೂ ಉಂಟು. ಫ್ರಾನ್ಸಿನ ಯೂಜೇನ್ ಸ್ಕ್ರೀಬ್ 1840ರಲ್ಲಿ ಬರೆದ ‘ಒಂದು ಲೋಟ ನೀರು’ ನಾಟಕದಲ್ಲಿ ಇಂಗ್ಲೆಂಡಿನ ರಾಣಿಯ ಉಡುಪಿನ ಮೇಲೆ ನೀರು ಚೆಲ್ಲಿ ರಾಜಕೀಯವೇ ಪಲ್ಟಿಯಾಗುತ್ತದೆ. ನೋಡಲು ಲವಲವಿಕೆಯಿದೆ. ಆದರೆ ಅಲ್ಲಿ ಲೋಟದ ಬದಲು ಬೀಸಣಿಗೆಯಿದ್ದರೂ ನಡೆಯುತ್ತಿತ್ತು. ತಪ್ಪಿನ ಸುತ್ತ ಯಾರ ಅಸಹಾಯಕತೆಯೂ ಇಲ್ಲ. ಬರ್ಗನ್ನಿನ ರಂಗಮಂದಿರದಲ್ಲಿ ದುಡಿದ ತರುಣ ವಯಸ್ಸಿನಲ್ಲಿ ಸ್ಕ್ರೀಬನ ತಂತ್ರವನ್ನೆಲ್ಲ ಕಲಿತ ಇಬ್ಸೆನ್ 1879ರ ‘ಗೊಂಬೆಮನೆ’ಯಲ್ಲಿ ಅದನ್ನೇ ಬಳಸಿದ. ಗಂಡನ ಪ್ರಾಣ ಉಳಿಸಲು ಸಾಲ ತಂದ ನೋರಾ ತಂದೆಯ ಸಹಿಯನ್ನು ತಾನೇ ಹಾಕುತ್ತಾಳೆ, ಕೆಳಗೆ ಅಕ್ಟೋಬರ್ 2 ಎಂದು ಬರೆಯುತ್ತಾಳೆ. ತಂದೆ ತೀರಿಕೊಂಡದ್ದು ಸೆಪ್ಟೆಂಬರ್ 29ರಂದು. ಮೂರು ದಿನದ ಈ ತಾರೀಖಿನ ತಪ್ಪು ಸಾಲ ಕೊಟ್ಟ ಕ್ರೋಗ್‌ಸ್ಟಾಡನ ಕೈಗೆ ಸಿಗುತ್ತದೆ. ತಂತ್ರ ಸ್ಕ್ರೀಬನದೇ, ಆದರೆ ಈ ತಪ್ಪಿನ ಹಿಂದೆ ತಂದೆ ಅಥವಾ ಗಂಡನ ರುಜುವಿಲ್ಲದೆ ಹೆಣ್ಣಿಗೆ ಸಾಲ ಹುಟ್ಟದ ಒಂದು ಸಮಾಜ ನಿಂತಿದೆ. ಗಂಡನಿಗೆ ಹೇಳಿದರೆ ಅವನ ಅಭಿಮಾನ ಮುರಿಯುತ್ತದೆಂದು ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡ ಹೆಂಡತಿ ನಿಂತಿದ್ದಾಳೆ.

ಪ್ರಹಸನಗಳಲ್ಲಿ ತಪ್ಪುಗಳಿಗೆ ಕೊನೆಯೇ ಇಲ್ಲ, ಅಲ್ಲಿ ಯಾವ ಲೋಕದ ಒಳಗಟ್ಟು ಕಾಣುತ್ತದೆ ಎಂಬ ಪ್ರಶ್ನೆ ಸಹಜ. ಆಸ್ಕರ್ ವೈಲ್ಡನ 1895ರ ನಾಟಕದಲ್ಲಿ ಮಿಸ್ ಪ್ರಿಸಮ್ ಮೈಮರೆತು ಹಸ್ತಪ್ರತಿಯನ್ನು ಮಗುವಿನ ಗಾಡಿಯಲ್ಲೂ ಮಗುವನ್ನು ಕೈಚೀಲದಲ್ಲೂ ಇಟ್ಟು, ಆ ಚೀಲವನ್ನು ವಿಕ್ಟೋರಿಯಾ ರೈಲು ನಿಲ್ದಾಣದಲ್ಲಿ ಬಿಟ್ಟುಬರುತ್ತಾಳೆ. ಉಂಗುರ ಕಳೆಯುವುದಕ್ಕಿಂತ ಎಷ್ಟೋ ಪಾಲು ದೊಡ್ಡ ತಪ್ಪು ಅದು. ಆದರೂ ನಗುತ್ತೇವೆ, ಏಕೆಂದರೆ ಕೇಳಿದ ಕೂಡಲೇ ಅವಳು ಒಪ್ಪಿಕೊಳ್ಳುತ್ತಾಳೆ, ಕೇಳಿದವರು ನಂಬುತ್ತಾರೆ. ‘ವಿಕ್ರಮೋರ್ವಶೀಯ’ದ ಊರ್ವಶಿ ಭರತಮುನಿಯ ನಾಟಕದಲ್ಲಿ ಲಕ್ಷ್ಮಿಯ ಪಾತ್ರ ವಹಿಸಿ, ಪುರುಷೋತ್ತಮನ ಹೆಸರು ಹೇಳಬೇಕಾದಲ್ಲಿ ಪುರೂರವನ ಹೆಸರು ಹೇಳಿಬಿಡುತ್ತಾಳೆ. ಗುರುವಿನ ಶಾಪ ತಕ್ಷಣ, ಇಂದ್ರನ ರಿಯಾಯಿತಿಯೂ ತಕ್ಷಣ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದಿತು, ಬಂದದ್ದು ಎಲ್ಲರ ಕಿವಿಗೂ ಬಿದ್ದಿತು. ನಗೆನಾಟಕಕ್ಕೂ ದುರಂತಕ್ಕೂ ಇರುವ ಅಂತರ ತಪ್ಪಿನ ಗಾತ್ರದಲ್ಲಿಲ್ಲ. ಸತ್ಯ ಬಲ್ಲವರು ಹೊತ್ತು ಮೀರುವ ಮೊದಲು ಬಾಯಿ ಬಿಟ್ಟರೇ ಇಲ್ಲವೇ ಎಂಬುದರಲ್ಲಿದೆ. ದುರಂತಗಳ ಮೊದಲ ಸಾಲಿನಲ್ಲಿ ನಿಲ್ಲುವ ‘ದೊರೆ ಈಡಿಪಸ್’ನಲ್ಲೂ ಹೀಗೆಯೇ. ಮೂರು ದಾರಿ ಕೂಡುವಲ್ಲಿ ಲೈಯಸ್ ದೊರೆ ಸತ್ತಾಗ ಬದುಕುಳಿದ ಒಬ್ಬನೇ ಆಳು, ಕೊಂದವರು ದರೋಡೆಗಾರರ ಗುಂಪು ಎಂದು ಹೇಳಿದ್ದ. ಕೊಂದವನು ಒಬ್ಬನೇ, ಈಡಿಪಸ್. ಊರಿಗೆ ಮರಳಿದ ಆ ಆಳು ಸಿಂಹಾಸನದಲ್ಲಿ ಈಡಿಪಸನನ್ನು ಕಂಡು, ತನ್ನನ್ನು ಊರಿನ ಗೋಪುರವೂ ಕಾಣದಷ್ಟು ದೂರ ಕುರಿ ಕಾಯಲು ಕಳಿಸಿಬಿಡಿ ಎಂದು ರಾಣಿಯ ಕೈಹಿಡಿದು ಬೇಡಿಕೊಂಡ. ಅವನು ಕಂಡದ್ದನ್ನು ಹೇಳುವ ಧೈರ್ಯ ಒಬ್ಬ ಗುಲಾಮನಿಗೆ ಎಲ್ಲಿಂದ ಬಂದೀತು?

ಈ ಓದಿನಿಂದ ರಂಗಭೂಮಿಯವರಲ್ಲಿ ಒಂದು ಕೋರಿಕೆ ಹುಟ್ಟುತ್ತದೆ. ದೊಡ್ಡ ನಾಟಕಗಳನ್ನು ಎರಡು ಗಂಟೆಗೆ ಇಳಿಸುವಾಗ ಮೊದಲು ಕತ್ತರಿಗೆ ಸಿಗುವವರು ಬೆಸ್ತ, ಸಾರಥಿ, ದಾಸಿ, ಕಾವಲುಗಾರ. ಉಂಗುರ ಬಿದ್ದದ್ದನ್ನು ಬೆಳಕು ಬಿಟ್ಟು ಸಂಗೀತ ಹಾಕಿ ತೋರಿಸುವ ಉತ್ಸಾಹಕ್ಕಿಂತ, ಅನಸೂಯೆ ಪ್ರಿಯಂವದೆಯರು ಹೇಳುವುದು ಬೇಡವೆಂದು ನಿರ್ಧರಿಸುವ ನಾಲ್ಕು ಮಾತುಗಳಿಗೆ ಹೊತ್ತು ಕೊಡುವುದು ಮುಖ್ಯ. ಕಾಳಿದಾಸ ಉಂಗುರ ಬೀಳುವುದನ್ನು ರಂಗದ ಮೇಲೆ ತರಲೇ ಇಲ್ಲ. ಆ ನಾಲ್ಕು ಮಾತುಗಳನ್ನು ತಂದ. ಎಮಿಲಿಯಾ ತನಗೆ ಗೊತ್ತಿಲ್ಲ ಎನ್ನುವಾಗ ಪ್ರೇಕ್ಷಕರ ಕಣ್ಣು ಡೆಸ್ಡಿಮೋನಾಳ ಮೇಲಲ್ಲ, ಎಮಿಲಿಯಾಳ ಮೇಲಿರಬೇಕು. ಸ್ಥಾವರಕ ಕಿಟಕಿಯಿಂದ ಹಾರುವುದನ್ನು ಬಿಟ್ಟು ‘ಮೃಚ್ಛಕಟಿಕ’ವನ್ನು ಆಡುವುದೆಂದರೆ ಪ್ರಣಯಕಥೆ ಉಳಿಸಿಕೊಂಡು ನಾಟಕವನ್ನು ಬಿಟ್ಟುಕೊಟ್ಟಂತೆ. ಶೂದ್ರಕ ಅವನನ್ನು ಕೊನೆಯವರೆಗೂ ಮರೆಯುವುದಿಲ್ಲ. ದೊರೆ ಪಾಲಕ ಸತ್ತು ಆರ್ಯಕ ರಾಜನಾದ ಮೇಲೆ ಬಹುಮಾನಗಳು ಹಂಚಿಹೋಗುವ ಕೊನೆಯ ದೃಶ್ಯದಲ್ಲಿ, ಸ್ಥಾವರಕನಿಗೆ ಏನು ಕೊಡಬೇಕೆಂಬ ಪ್ರಶ್ನೆ ಬರುತ್ತದೆ. ಅವನು ಇನ್ನು ದಾಸನಾಗಿರದಿರಲಿ ಎಂದು ಚಾರುದತ್ತ ಹೇಳುತ್ತಾನೆ. ಹಾಸು ಮರೆತವನಾರು, ಗಾಡಿ ಅಲ್ಲಿ ನಿಲ್ಲಿಸಿದವನಾರು ಎಂಬ ವಿಚಾರಣೆಯನ್ನು ಆ ದೃಶ್ಯದಲ್ಲಿ ಯಾರೂ ಎತ್ತುವುದಿಲ್ಲ.